ಹೆಸರು ಸೇರುವ ಬಾಗಿಲು, ಹೆಸರು ಹೊರಬರುವ ಬಾಗಿಲು

ಕ್ಯಾಲಿಫೋರ್ನಿಯಾದಲ್ಲಿ ಹತ್ತಾರು ಸಾವಿರ ಜನರಿಗೆ ಹುಟ್ಟುಹಬ್ಬ ಬಂತೆಂದರೆ ಪೊಲೀಸ್ ಠಾಣೆಗೆ ಹೋಗುವ ಹೊತ್ತು ಬಂತು ಎಂದೇ ಅರ್ಥ. ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾಗಿ, ಜೈಲು ಮುಗಿಸಿ ಹೊರಗೆ ಬಂದವರು ಇವರು. ಸರ್ಕಾರದ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಇವರ ಹೆಸರಿದೆ. ಹುಟ್ಟಿದ ದಿನದ 5 ಕೆಲಸದ ದಿನಗಳೊಳಗೆ ಊರಿನ ಠಾಣೆಗೆ ತಾವೇ ಹೋಗಬೇಕು. ಇರುವ ಮನೆ, ಮಾಡುವ ಕೆಲಸ, ಓಡಿಸುವ ಗಾಡಿ, ಎಲ್ಲವನ್ನೂ ಹೇಳಿ ಸಹಿ ಹಾಕಬೇಕು. ಮನೆ ಬದಲಾದರೆ ಮತ್ತೆ 5 ಕೆಲಸದ ದಿನ. ಮನೆಯೇ ಇಲ್ಲದವರು 30 ದಿನಕ್ಕೊಮ್ಮೆ ಹಾಜರಾಗಬೇಕು. ಅತಿ ಅಪಾಯಕಾರಿ ಎಂದು ಕೋರ್ಟ್ ಗುರುತಿಸಿದವರು 90 ದಿನಕ್ಕೊಮ್ಮೆ. ಹೋಗದೆ ಉಳಿದರೆ ಅದೇ ಒಂದು ಹೊಸ ಅಪರಾಧ. ಮೊದಲಿನ ಶಿಕ್ಷೆ ಗಂಭೀರ ಅಪರಾಧಕ್ಕೆ ಆಗಿದ್ದರೆ, ನೋಂದಣಿ ತಪ್ಪಿಸಿದ್ದೂ ಗಂಭೀರ ಅಪರಾಧವೇ ಆಗುತ್ತದೆ.

ಇದರಲ್ಲಿ ತಪ್ಪೇನಿದೆ ಎಂದು ಕೇಳುವವರು ಜಾಸ್ತಿ. ಆ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಮಗುವಿನ ಮೇಲೆ ಕೈ ಹಾಕಿದವನು ಎಲ್ಲಿದ್ದಾನೆ ಎಂದು ಪೊಲೀಸರಿಗೆ ಗೊತ್ತಿರಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿಗೆ ಯಾರು ಸೇರಬೇಕು ಎಂದು ನಾವು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಯಾರು, ಯಾವಾಗ, ಹೇಗೆ ಹೊರಬರಬೇಕು ಎಂದು ಕೇಳುವುದೇ ಇಲ್ಲ. ಪಟ್ಟಿ ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದು ಈ ಎರಡನೇ ಪ್ರಶ್ನೆಯ ಮೇಲೇ ನಿಂತಿದೆ ಎನ್ನುವುದು ನನ್ನ ಅನಿಸಿಕೆ. ಭಾರತದಲ್ಲೂ ಇಂಥ ಪಟ್ಟಿ ಇದೆ. ಹಾಗಾಗಿ ಅಮೆರಿಕ ಕಲಿತ ಪಾಠ ನಮಗೂ ಬೇಕು.

ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಎಂದು ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 1947ರಲ್ಲಿ. ಅಲ್ಲಿಂದ ಏಳು ದಶಕ ಅಲ್ಲಿದ್ದದ್ದು ಒಂದೇ ನಿಯಮ. ಒಮ್ಮೆ ಸೇರಿದರೆ ಸಾಯುವವರೆಗೆ. ಅತ್ಯಾಚಾರ ಮಾಡಿದವನಿಗೂ ಅಷ್ಟೇ, ಸಾರ್ವಜನಿಕ ಜಾಗದಲ್ಲಿ ಅಸಭ್ಯವಾಗಿ ನಡೆದುಕೊಂಡವನಿಗೂ ಅಷ್ಟೇ. ಆಗ ಒಪ್ಪಿಗೆಯಿಂದ ನಡೆದ ಸಲಿಂಗ ಸಂಬಂಧವೂ ಅಪರಾಧ. ಹಾಗಾಗಿ ಯಾರಿಗೂ ನೋವು ಮಾಡದ ಎಷ್ಟೋ ಗಂಡಸರು ಈ ಪಟ್ಟಿಗೆ ಸೇರಿಹೋದರು.

ಅವರಲ್ಲಿ ಒಬ್ಬರು ಬೇಯಾರ್ಡ್ ರಸ್ಟಿನ್. ಗಾಂಧಿಯವರ ಅಹಿಂಸೆಯ ದಾರಿಯನ್ನು ಹತ್ತಿರದಿಂದ ತಿಳಿಯಲು 1948ರಲ್ಲಿ ಭಾರತಕ್ಕೆ ಬಂದಿದ್ದವರು. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಜೊತೆಯಾಗಿ, 1963ರ ವಾಷಿಂಗ್ಟನ್ ನಡಿಗೆಯನ್ನು ಸಂಘಟಿಸಿದವರು. 1953ರಲ್ಲಿ ಪಸಡೀನಾದಲ್ಲಿ ನಿಂತಿದ್ದ ಕಾರಿನಲ್ಲಿ ಗಂಡಸರ ಜೊತೆ ಸಿಕ್ಕಿಬಿದ್ದರು ಎಂದು ಅವರನ್ನು ಬಂಧಿಸಿದರು. 50 ದಿನ ಜೈಲಾಯಿತು. ಲೈಂಗಿಕ ಅಪರಾಧಿ ಎಂದು ನೋಂದಣಿಯೂ ಆಯಿತು. ಅವರು ತೀರಿಕೊಂಡದ್ದು 1987ರಲ್ಲಿ. ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಕ್ಷಮಾದಾನ ಕೊಟ್ಟಿದ್ದು 2020ರಲ್ಲಿ. ಹೊರಬರುವ ದಾರಿ ಇಲ್ಲದ ಪಟ್ಟಿ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ 33 ವರ್ಷದ ಅಂತರ.

ಈ ಪಟ್ಟಿ ಎಲ್ಲರ ಕಣ್ಣಿಗೆ ಬಿದ್ದದ್ದು ತುಂಬಾ ತಡವಾಗಿ. 1994ರಲ್ಲಿ ಎಲ್ಲ ರಾಜ್ಯಗಳೂ ಪಟ್ಟಿ ಇಡಬೇಕು ಎಂದು ಕೇಂದ್ರ ಸರ್ಕಾರದ ಕಾನೂನು ಬಂತು. 1996ರಲ್ಲಿ ಮೇಗನ್ಸ್ ಲಾ ಬಂತು. ನ್ಯೂಜೆರ್ಸಿಯ ಮೇಗನ್ ಎಂಬ ಏಳು ವರ್ಷದ ಹುಡುಗಿಯನ್ನು ಎದುರು ಮನೆಯವನೇ ಕೊಂದಿದ್ದ. ಅವನಿಗೆ ಹಿಂದೆ ಶಿಕ್ಷೆಯಾಗಿತ್ತು ಎಂದು ಆ ತಂದೆ ತಾಯಿಗೆ ಗೊತ್ತೇ ಇರಲಿಲ್ಲ. ಅವರ ಸಂಕಟದಿಂದ ಹುಟ್ಟಿದ ಕಾನೂನು ಅದು. ಪಟ್ಟಿಯ ಮಾಹಿತಿಯನ್ನು ಜನರಿಗೆ ತಿಳಿಸಬೇಕು ಎಂದು ಅದು ಹೇಳಿತು. 2006ರಲ್ಲಿ ಆಡಮ್ ವಾಲ್ಶ್ ಕಾಯ್ದೆ ಬಂದು ಮೂರು ಹಂತ ಮಾಡಿತು. ಮೊದಲ ಹಂತಕ್ಕೆ 15 ವರ್ಷ, ಎರಡನೆಯದಕ್ಕೆ 25 ವರ್ಷ, ಮೂರನೆಯದಕ್ಕೆ ಜೀವನಪೂರ್ತಿ. ಮೂರನೇ ಹಂತದವರು 3 ತಿಂಗಳಿಗೊಮ್ಮೆ ಖುದ್ದಾಗಿ ಹಾಜರಾಗಬೇಕು. ಇದು ರಾಜ್ಯಗಳಿಗೆ ಕೇಂದ್ರ ಇಟ್ಟ ಕನಿಷ್ಠ ಅಳತೆ, ಆದರೆ ಎಲ್ಲ ರಾಜ್ಯಗಳೂ ಅದನ್ನು ಪೂರ್ತಿ ಪಾಲಿಸಿಲ್ಲ. ರಾಜ್ಯಗಳು ಇದಕ್ಕಿಂತ ಬಿಗಿ ಮಾಡಬಹುದು, ಮಾಡಿವೆ. ಈಗ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಬಾಡಿಗೆಗೆ ಮನೆ ನೋಡುವ ನಮ್ಮ ಕನ್ನಡದ ಸಂಸಾರಗಳೂ ಶಾಲೆಯ ರೇಟಿಂಗ್ ನೋಡಿದ ಮೇಲೆ ಮೇಗನ್ಸ್ ಲಾ ವೆಬ್‌ಸೈಟಿನ ನಕ್ಷೆಯನ್ನೂ ಒಮ್ಮೆ ತೆರೆದು ನೋಡಬಹುದು. ಅದರಲ್ಲಿ ಫೋಟೊ ಇರುತ್ತದೆ, ಹೆಸರು ಇರುತ್ತದೆ, ಎಷ್ಟೋ ಸಲ ಬೀದಿಯ ವಿಳಾಸವೂ ಇರುತ್ತದೆ.

ಇದು ಎರಡನೇ ಶಿಕ್ಷೆಯಲ್ಲವೇ? ಅಲಾಸ್ಕಾದ ಇಬ್ಬರು ಈ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2003ರ ಸ್ಮಿತ್ ವಿರುದ್ಧ ಡೋ ತೀರ್ಪಿನಲ್ಲಿ 6-3ರ ಬಹುಮತದಿಂದ ಕೋರ್ಟ್ ಹೇಳಿದ್ದು: ಇದು ಶಿಕ್ಷೆ ಅಲ್ಲ, ಜನರ ಸುರಕ್ಷತೆಗೆ ಮಾಡಿದ ಆಡಳಿತದ ಕ್ರಮ. ಶಿಕ್ಷೆ ಅಲ್ಲ ಎಂದಮೇಲೆ ಕಾನೂನು ಬರುವ ಮೊದಲೇ ಅಪರಾಧ ಮಾಡಿದವರಿಗೂ ಅನ್ವಯಿಸಬಹುದು. ಇವತ್ತಿಗೂ ಅಲ್ಲಿನ ಎಲ್ಲ ವಾದಗಳು ಈ ಒಂದು ಸಾಲಿಗೆ ಬಂದು ತಾಗುತ್ತವೆ.

ಆ ತೀರ್ಪಿನ ಹಿಂದೆ ಒಂದು ನಂಬಿಕೆ ಇತ್ತು. ಇಂಥವರು ಮತ್ತೆ ಅದೇ ತಪ್ಪು ಮಾಡುವ ಅಪಾಯ ಹೆದರಿಕೆ ಹುಟ್ಟಿಸುವಷ್ಟು ಜಾಸ್ತಿ ಎಂದು ಕೋರ್ಟ್ 2002ರ ಇನ್ನೊಂದು ತೀರ್ಪಿನಲ್ಲಿ ಬರೆದಿತ್ತು. ಚಿಕಿತ್ಸೆ ಸಿಗದವರಲ್ಲಿ 100ಕ್ಕೆ 80ರಷ್ಟು ಜನ ಮತ್ತೆ ತಪ್ಪು ಮಾಡಬಹುದು ಎನ್ನುವ ಅಂಕಿಯೂ ಅಲ್ಲಿತ್ತು. ಆ ಅಂಕಿ ಎಲ್ಲಿಂದ ಬಂತು ಎಂದು ಕಾನೂನು ಪ್ರಾಧ್ಯಾಪಕ ಐರಾ ಎಲ್ಮನ್ ಮತ್ತು ತಾರಾ ಎಲ್ಮನ್ ಬೆನ್ನು ಹತ್ತಿ ಹೋದರು. ಕೊನೆಗೆ ಸಿಕ್ಕಿದ್ದು 1986ರ ಒಂದು ಜನಪ್ರಿಯ ಪತ್ರಿಕೆಯ ಲೇಖನ. ಜೈಲಿನಲ್ಲಿ ಚಿಕಿತ್ಸೆ ನಡೆಸುತ್ತಿದ್ದವರೊಬ್ಬರು ಬರೆದ ಮಾತು, ಅದಕ್ಕೆ ಯಾವ ಅಧ್ಯಯನದ ಆಧಾರವೂ ಇರಲಿಲ್ಲ.

ಅಮೆರಿಕದ ನ್ಯಾಯ ಇಲಾಖೆಯ ಸ್ವಂತ ಲೆಕ್ಕ ಬೇರೆ ಹೇಳುತ್ತದೆ. 2005ರಲ್ಲಿ 30 ರಾಜ್ಯಗಳ ಜೈಲಿನಿಂದ ಬಿಡುಗಡೆಯಾದ ಲೈಂಗಿಕ ಅಪರಾಧಿಗಳನ್ನು 9 ವರ್ಷ ಗಮನಿಸಿದರು. ಅತ್ಯಾಚಾರ ಅಥವಾ ಲೈಂಗಿಕ ದೌರ್ಜನ್ಯಕ್ಕಾಗಿ ಮತ್ತೆ ಬಂಧನವಾದವರು ಶೇ 7.7. ಇಲ್ಲಿ ಒಂದು ಮಾತು ಮರೆಯಬಾರದು. ಇದು ಬಂಧನದ ಲೆಕ್ಕ. ಹೊರಗೆ ಬಾರದ ದೌರ್ಜನ್ಯ ಎಷ್ಟಿದೆ ಎಂದು ನಮಗೆಲ್ಲ ಗೊತ್ತು, ಹಾಗಾಗಿ ನಿಜವಾದ ಪ್ರಮಾಣ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ 80ಕ್ಕೂ ಇದಕ್ಕೂ ಎಷ್ಟು ದೂರ! ಕೆನಡಾದ ಸಂಶೋಧಕ ಕಾರ್ಲ್ ಹ್ಯಾನ್ಸನ್ ಮತ್ತು ಜೊತೆಗಾರರ 2014ರ ಅಧ್ಯಯನ ಇನ್ನೂ ಮುಖ್ಯ. ಜಾಸ್ತಿ ಅಪಾಯ ಎಂದು ಗುರುತಿಸಿದವರಲ್ಲಿ ಬಿಡುಗಡೆಯಾದ 5 ವರ್ಷದೊಳಗೆ ಮತ್ತೆ ಲೈಂಗಿಕ ಅಪರಾಧ ಮಾಡಿದವರು ಶೇ 22. ಅದೇ ಗುಂಪಿನಲ್ಲಿ 10 ವರ್ಷ ತಪ್ಪಿಲ್ಲದೆ ಬದುಕಿದವರನ್ನು ನೋಡಿದರೆ, ಮುಂದಿನ 5 ವರ್ಷಕ್ಕೆ ಆ ಪ್ರಮಾಣ ಶೇ 4.2ಕ್ಕೆ ಇಳಿದಿತ್ತು. ಅಪಾಯ ವರ್ಷ ಕಳೆದಂತೆ ಕರಗುತ್ತದೆ. ಎಲ್ಲರಲ್ಲೂ ಅಲ್ಲ, ಬಹಳ ಜನರಲ್ಲಿ. ಹೊರಬರುವ ದಾರಿ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಪಟ್ಟಿ ಯಾರ ಕೈಯಲ್ಲಿದೆ ಎನ್ನುವುದೂ ಅಷ್ಟೇ ಮುಖ್ಯ. ಅರ್ಥಶಾಸ್ತ್ರಜ್ಞರಾದ ಜೆ. ಜೆ. ಪ್ರೆಸ್ಕಾಟ್ ಮತ್ತು ಜೋನಾ ರಾಕಾಫ್ 2011ರಲ್ಲಿ ಹಲವು ರಾಜ್ಯಗಳನ್ನು ಹೋಲಿಸಿ ನೋಡಿದರು. ಪೊಲೀಸರ ಕೈಯಲ್ಲಿ ಮಾತ್ರ ಇರುವ ಪಟ್ಟಿಯಿಂದ ಪರಿಚಿತರ ಮೇಲಿನ ದೌರ್ಜನ್ಯ ಕಡಿಮೆಯಾದ ಗುರುತು ಸಿಕ್ಕಿತು. ಅದೇ ಪಟ್ಟಿಯನ್ನು ಜನರ ಮುಂದಿಟ್ಟಾಗ ಹೊಸದಾಗಿ ತಪ್ಪು ಮಾಡಬಹುದಾದವರು ಹೆದರಿದರು, ಆದರೆ ಪಟ್ಟಿಯಲ್ಲಿ ಇರುವವರು ಮತ್ತೆ ತಪ್ಪು ಮಾಡುವುದು ಜಾಸ್ತಿಯಾಗುವ ಸೂಚನೆ ಕಂಡಿತು. ಕೆಲಸ ಕೊಡುವವರಿಲ್ಲ, ಮನೆ ಕೊಡುವವರಿಲ್ಲ, ಸರಿಯಾಗಿ ಬದುಕಿದರೂ ಸಿಗುವುದು ಏನೂ ಇಲ್ಲ ಎಂದಾದಾಗ ಮನುಷ್ಯ ಎತ್ತ ಹೋಗುತ್ತಾನೆ? ಮಯಾಮಿಯಲ್ಲಿ ಏನಾಯಿತು ನೋಡಿ. ಶಾಲೆಯಿಂದ 2,500 ಅಡಿ ದೂರ ಇರಬೇಕು ಎಂಬ ಸ್ಥಳೀಯ ನಿಯಮದಿಂದ ಊರೊಳಗೆ ಇರಲು ಜಾಗವೇ ಉಳಿಯಲಿಲ್ಲ. ಹತ್ತಾರು ಜನ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಡೇರೆ ಹಾಕಿಕೊಂಡು ವರ್ಷಗಟ್ಟಲೆ ಬದುಕಿದರು. 2010ರಲ್ಲಿ ಆ ಬಿಡಾರ ಎಬ್ಬಿಸಿದರು. ಸೇತುವೆ ಕೆಳಗಿರುವವನ ಮೇಲೆ ಕಣ್ಣಿಡುವುದು ಪೊಲೀಸರಿಗೆ ಸುಲಭವೇ? ಇದರಿಂದ ಯಾವ ಮಗು ಸುರಕ್ಷಿತವಾಯಿತು ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ಕೊನೆಗೆ ದಾರಿ ಬದಲಿಸಿತು. 2017ರಲ್ಲಿ ಆಗಿನ ರಾಜ್ಯಪಾಲ ಜೆರ್ರಿ ಬ್ರೌನ್ ಎಸ್‌ಬಿ 384 ಮಸೂದೆಗೆ ಸಹಿ ಹಾಕಿದರು. ಈ ಬದಲಾವಣೆ ಬೇಕು ಎಂದವರಲ್ಲಿ ಲಾಸ್ ಏಂಜಲೀಸ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯೂ ಇತ್ತು, ಅಂದರೆ ಅಪರಾಧಿಗಳಿಗೆ ಶಿಕ್ಷೆ ಕೊಡಿಸುವವರೇ. ಅವರ ವಾದ ಸರಳ. 40 ವರ್ಷದ ಹಿಂದೆ ಒಂದು ಸಣ್ಣ ಪ್ರಕರಣದಲ್ಲಿ ಸಿಕ್ಕ ಮುದುಕರ ಕಾಗದ ತುಂಬಿಸುವುದರಲ್ಲೇ ಪೊಲೀಸರ ಹೊತ್ತು ಹೋಗುತ್ತಿದೆ, ನಿಜವಾಗಿ ಅಪಾಯ ಇರುವವರ ಮೇಲೆ ಕಣ್ಣಿಡಲು ಸಮಯವಿಲ್ಲ. 2021ರ ಜನವರಿ 1ರಿಂದ ಅಲ್ಲೂ ಮೂರು ಹಂತ ಬಂತು. ಕನಿಷ್ಠ 10 ವರ್ಷ, ಕನಿಷ್ಠ 20 ವರ್ಷ, ಜೀವನಪೂರ್ತಿ. ಬಾಲಾಪರಾಧಿಗಳಿಗೆ 5 ಅಥವಾ 10 ವರ್ಷ.

ಅವಧಿ ಮುಗಿದ ಕೂಡಲೇ ಹೆಸರು ತಾನಾಗಿ ಅಳಿಸುವುದಿಲ್ಲ. ಇದು ಬಹಳ ಜನ ತಪ್ಪಾಗಿ ತಿಳಿದಿರುವ ವಿಷಯ. ಅರ್ಜಿ ಹಾಕಬೇಕು. ಅದೂ ಅವಧಿ ಮುಗಿದ ಮೇಲೆ ಬರುವ ಹುಟ್ಟುಹಬ್ಬದಂದು ಅಥವಾ ಆಮೇಲೆ, ತಾನಿರುವ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ. ನೋಂದಣಿ ಸರಿಯಾಗಿದೆ ಎಂಬ ಪುರಾವೆ ಜೊತೆಗಿರಬೇಕು. ಅರ್ಜಿಯ ಪ್ರತಿ ಪೊಲೀಸರಿಗೂ ಡಿಸ್ಟ್ರಿಕ್ಟ್ ಅಟಾರ್ನಿಗೂ ಹೋಗಬೇಕು. ಪೊಲೀಸರು 60 ದಿನದಲ್ಲಿ ವರದಿ ಕೊಡುತ್ತಾರೆ. ಆಮೇಲೆ ಅಟಾರ್ನಿ ಬೇಕೆಂದರೆ 60 ದಿನದೊಳಗೆ ವಿಚಾರಣೆ ಕೇಳಬಹುದು. ಕೇಳದಿದ್ದರೆ, ಉಳಿದ ಷರತ್ತು ಸರಿಯಿದ್ದರೆ, ಅರ್ಜಿ ಒಪ್ಪಿಗೆಯಾಗುತ್ತದೆ. ಜೈಲಿನಲ್ಲಿ, ಇಲ್ಲವೇ ಹೊರಗಿದ್ದೂ ಅಧಿಕಾರಿಗಳ ನಿಗಾದಲ್ಲಿ, ಅಂದರೆ ಪೆರೋಲಿನಲ್ಲಿ, ಪ್ರೊಬೇಷನ್‌ನಲ್ಲಿ ಇರುವವರು ಅರ್ಜಿ ಹಾಕುವಂತಿಲ್ಲ.

ವಿಚಾರಣೆ ನಡೆದರೆ ನ್ಯಾಯಾಧೀಶರು ನೋಡುವುದು ಅಪರಾಧ ಹೇಗೆ ನಡೆಯಿತು, ನೊಂದವರ ವಯಸ್ಸು ಎಷ್ಟು, ಎಷ್ಟು ಜನ, ಅವರು ಅಪರಿಚಿತರೇ, ಆಮೇಲೆ ಈ ಮನುಷ್ಯ ಹೇಗೆ ಬದುಕಿದ, ಚಿಕಿತ್ಸೆ ಮುಗಿಸಿದನೇ, ಈಗಿನ ಅಪಾಯದ ಅಳತೆ ಏನು ಎಂದು. ನನಗೆ ಇದರಲ್ಲಿ ತುಂಬಾ ಸರಿ ಅನಿಸಿದ್ದು ಒಂದು ಅಂಶ. ಇವನು ಪಟ್ಟಿಯಲ್ಲೇ ಇದ್ದರೆ ಸಮಾಜದ ಸುರಕ್ಷತೆ ಗಣನೀಯವಾಗಿ ಹೆಚ್ಚುತ್ತದೆ ಎಂದು ತೋರಿಸುವ ಹೊಣೆ ಸರ್ಕಾರದ ಕಡೆಗೇ ಇದೆ. ಬರೀ ಹಳೇ ಎಫ್‌ಐಆರ್ ಓದಿ ಬೇಡ ಎಂದರೆ ಸಾಲದು, ಇವತ್ತಿನ ಅಪಾಯದ ಬಗ್ಗೆ ಮಾತಾಡಬೇಕು. ಅರ್ಜಿ ತಿರಸ್ಕಾರವಾದರೆ ಮತ್ತೆ ಯಾವಾಗ ಕೇಳಬಹುದು ಎಂದು ಕೋರ್ಟೇ ಹೇಳಬೇಕು, 1 ವರ್ಷದಿಂದ 5 ವರ್ಷದೊಳಗೆ.

ಅವಧಿಯ ಲೆಕ್ಕವೂ ಸುಮ್ನೆ ಓಡುವುದಿಲ್ಲ. ಬಿಡುಗಡೆಯಾದ ದಿನದಿಂದ ಎಣಿಕೆ ಶುರು. ನೋಂದಣಿ ತಪ್ಪಿಸಿ ಸಣ್ಣ ಅಪರಾಧದಲ್ಲಿ ಶಿಕ್ಷೆಯಾದರೆ 1 ವರ್ಷ, ಗಂಭೀರ ಅಪರಾಧದಲ್ಲಾದರೆ 3 ವರ್ಷ ಸೇರಿಕೊಳ್ಳುತ್ತದೆ. ಕೇಸ್ ಆಮೇಲೆ ವಜಾ ಆಗಿದ್ದರೂ, ಅಂದರೆ ಅಲ್ಲಿ ಎಕ್ಸ್‌ಪಂಜ್‌ಮೆಂಟ್ ಎನ್ನುವ ಪರಿಹಾರ ಸಿಕ್ಕಿದ್ದರೂ, ನೋಂದಣಿ ಮಾತ್ರ ತಪ್ಪುವುದಿಲ್ಲ. ಇದನ್ನು ತಿಳಿಯದೆ ಠಾಣೆಗೆ ಹೋಗುವುದನ್ನು ನಿಲ್ಲಿಸಿದವನು ಹೊಸ ಕೇಸಿಗೆ ಸಿಕ್ಕಿಬೀಳುತ್ತಾನೆ.

ಬೇರೆ ರಾಜ್ಯದಲ್ಲಿ ಕಥೆಯೇ ಬೇರೆ. ಫ್ಲೋರಿಡಾದಲ್ಲಿ ಶಿಕ್ಷೆ ಮುಗಿದು 25 ವರ್ಷ ಒಂದೇ ಒಂದು ಬಂಧನವೂ ಇಲ್ಲದೆ ಬದುಕಿರಬೇಕು, ಆಗ ಕೆಲವರು ಮಾತ್ರ ಅರ್ಜಿ ಹಾಕಬಹುದು. ನ್ಯೂಯಾರ್ಕಿನಲ್ಲಿ ಎರಡನೇ ಮಟ್ಟದವರಲ್ಲಿ ಕೆಲವರಿಗೆ 30 ವರ್ಷದ ನಂತರ ಅವಕಾಶ. ಒಂದು ರಾಜ್ಯ ಪಟ್ಟಿಯಿಂದ ಹೆಸರು ತೆಗೆದರೂ ಕೇಂದ್ರದ ಕಾನೂನು ಬೆನ್ನಿಗೇ ಇರುತ್ತದೆ. ರಾಜ್ಯ ದಾಟಿ ಹೋಗಿ ನೋಂದಣಿ ಮಾಡಿಸದಿದ್ದರೆ 10 ವರ್ಷದವರೆಗೆ ಜೈಲು. ಒಂದೇ ದೇಶ, ಒಂದೇ ತಪ್ಪು, ಆದರೆ ಬಾಗಿಲು ಎಲ್ಲಿದೆ ಎನ್ನುವುದು ಪಿನ್‌ಕೋಡಿನ ಮೇಲೆ ನಿಂತಿದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಇನ್ನೊಂದು ಪದರವೂ ಇದೆ. ಇದನ್ನು ಮುಜುಗರಪಟ್ಟು ಮುಚ್ಚಿಡುವುದಕ್ಕಿಂತ ಹೇಳುವುದೇ ಒಳ್ಳೆಯದು. ಅಲ್ಲಿನ ಪೌರತ್ವ ಇಲ್ಲದವರು ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ತಪ್ಪೊಪ್ಪಿಕೊಂಡರೆ ಗ್ರೀನ್ ಕಾರ್ಡ್ ಇದ್ದರೂ ಗಡೀಪಾರಾಗಬಹುದು. ಕೇಂದ್ರ ಕಾನೂನಿನಡಿ ನೋಂದಣಿ ತಪ್ಪಿಸಿದ್ದಕ್ಕೆ ಶಿಕ್ಷೆಯಾದರೆ ಅದೂ ಗಡೀಪಾರಿಗೆ ಕಾರಣ. ಮಕ್ಕಳ ಮೇಲಿನ ಕೆಲವು ಅಪರಾಧಗಳಲ್ಲಿ ಶಿಕ್ಷೆಯಾದ ಅಮೆರಿಕನ್ ಪ್ರಜೆಯೂ, ತನ್ನಿಂದ ಅಪಾಯವಿಲ್ಲ ಎಂದು ಸರ್ಕಾರ ಒಪ್ಪುವವರೆಗೆ, ಊರಿನಲ್ಲಿರುವ ಹೆಂಡತಿಗೋ ತಾಯಿಗೋ ವೀಸಾ ಅರ್ಜಿ ಹಾಕುವಂತಿಲ್ಲ. ಪಟ್ಟಿಯಿಂದ ಹೆಸರು ಹೋದರೂ ಶಿಕ್ಷೆಯ ದಾಖಲೆ ಹೋಗುವುದಿಲ್ಲ. ಇಮಿಗ್ರೇಷನ್ ಅಧಿಕಾರಿ ನೋಡುವುದು ಆ ದಾಖಲೆಯನ್ನೇ. ಹಾಗಾಗಿ ಬೇಗ ಕೇಸ್ ಮುಗಿಯಲಿ ಎಂದು ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಇಮಿಗ್ರೇಷನ್ ಗೊತ್ತಿರುವ ವಕೀಲರನ್ನೂ ಕೇಳಲೇಬೇಕು. ಪ್ರಯಾಣದ ಮಾತೂ ಇದೆ. ಪಟ್ಟಿಯಲ್ಲಿರುವವರು ಬೆಂಗಳೂರಿಗೆ ವಿಮಾನ ಹತ್ತುವ 21 ದಿನ ಮುಂಚೆ ತಿಳಿಸಬೇಕು. ಮಕ್ಕಳ ಮೇಲಿನ ಅಪರಾಧವಾಗಿದ್ದರೆ, 2016ರ ಕಾಯ್ದೆಯ ಪ್ರಕಾರ, ಅಮೆರಿಕದ ಪಾಸ್‌ಪೋರ್ಟಿನಲ್ಲೇ ಅದನ್ನು ಅಚ್ಚು ಹಾಕುತ್ತಾರೆ.

ಇದೆಲ್ಲದರಲ್ಲಿ ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಮಕ್ಕಳ ಬಳಿ. ನೊಂದ ಮಕ್ಕಳ ಬಳಿ ಮೊದಲು, ತಪ್ಪು ಮಾಡಿದ ಮಕ್ಕಳ ಬಳಿ ಆಮೇಲೆ. ಕೆಲವು ರಾಜ್ಯಗಳಲ್ಲಿ 14 ವರ್ಷದ ಹುಡುಗನೂ ಜೀವನಪೂರ್ತಿ ಪಟ್ಟಿಗೆ ಸೇರುತ್ತಿದ್ದ. 2014ರಲ್ಲಿ ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟ್ ಇದನ್ನು ತಡೆಯಿತು. ಈ ಹುಡುಗ ಮುಂದೆಯೂ ಹೀಗೇ ಮಾಡುತ್ತಾನೆ ಎಂದು ಮೊದಲೇ ತೀರ್ಮಾನಿಸಿ, ಅಲ್ಲ ಎಂದು ತೋರಿಸುವ ಅವಕಾಶವನ್ನೂ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲೇ ಸುಮಾರು ಇದೇ ಮಾತು ಹೇಳಿತ್ತು. ಆ ಪ್ರಕರಣದಲ್ಲಿ ಒಬ್ಬ 11 ವರ್ಷದವನಿದ್ದಾಗ ತಪ್ಪು ಮಾಡಿದ್ದ. ಮರುಪರಿಶೀಲನೆಯೇ ಇಲ್ಲದ ಆಜೀವ ಪಟ್ಟಿ ಖಾಸಗಿ ಬದುಕಿನ ಹಕ್ಕಿಗೆ ಹೊಂದುವುದಿಲ್ಲ ಎಂದು ತೀರ್ಪು ಬಂತು. ಆಮೇಲೆ ಅಲ್ಲಿ ದೊಡ್ಡವರಿಗೆ 15 ವರ್ಷ, ಚಿಕ್ಕವರಿಗೆ 8 ವರ್ಷ ಕಳೆದ ಮೇಲೆ ಪೊಲೀಸರ ಬಳಿ ಮರುಪರಿಶೀಲನೆ ಕೇಳುವ ದಾರಿ ಮಾಡಿದರು. ಪೊಲೀಸರು ಇಲ್ಲ ಎಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಆ ಪಟ್ಟಿ ಜನರಿಗೆ ತೆರೆದಿಲ್ಲ ಎನ್ನುವುದೂ ಇಲ್ಲಿ ಮುಖ್ಯ.

ಭಾರತದ ಪಟ್ಟಿ ಶುರುವಾದದ್ದು 2018ರ ಸೆಪ್ಟೆಂಬರ್ 20ರಂದು. ಗೃಹ ಇಲಾಖೆಯ ಕೆಳಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಇದನ್ನು ನೋಡಿಕೊಳ್ಳುತ್ತದೆ. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ, ಚುಡಾಯಿಸುವಿಕೆ ಇವುಗಳಲ್ಲಿ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಇದರಲ್ಲಿದೆ. ಶುರುವಾದಾಗಲೇ 4.4 ಲಕ್ಷ ದಾಖಲೆ ಇತ್ತು. 2005ರಿಂದ ಈಚೆಗಿನ ಮಾಹಿತಿ ಸೇರಿಸಿ ಎಂದು ರಾಜ್ಯಗಳ ಪೊಲೀಸರಿಗೆ ಹೇಳಲಾಯಿತು. ನೋಡುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಮಾತ್ರ. ಪ್ರತಿ ಸಲ ಒಂದು ಕ್ರೂರ ಘಟನೆ ನಡೆದಾಗ, ಇದನ್ನು ಎಲ್ಲರಿಗೂ ತೆರೆಯಿರಿ ಎಂಬ ಕೂಗು ಏಳುತ್ತದೆ. ಸಿಟ್ಟು ನ್ಯಾಯವಾದದ್ದೇ. ಆದರೆ ಹಾಗೆ ಮಾಡಬಾರದು ಎನ್ನಲು ನನಗೆ ಒಂದೇ ಕಾರಣ ಸಾಕು. ನಮ್ಮಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಪರಿಚಿತನೇ. ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವನು, ಪಾಠ ಹೇಳುವವನು. ಅಪ್ಪನ ಫೋಟೊ ಮತ್ತು ವಿಳಾಸ ಮೊಬೈಲಿನಲ್ಲಿ ಬಂದರೆ ಆ ಮಗು ಯಾರು ಎಂದು ಊರಿಗೇ ಗೊತ್ತಾಗುತ್ತದೆ, ಅಲ್ವಾ? ನೊಂದ ಮಗುವಿನ ಗುರುತು ಬಿಟ್ಟುಕೊಡಬಾರದು ಎಂದು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಒಂದು ಕೈಯಲ್ಲಿ ಕೊಟ್ಟ ರಕ್ಷಣೆಯನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಗುತ್ತದೆ. ಈಗಲೇ ಮನೆಯವರ ಮೇಲೆ ದೂರು ಕೊಡಲು ತಾಯಂದಿರು ನೂರು ಸಲ ಯೋಚಿಸುತ್ತಾರೆ. ಆಮೇಲೆ ದೂರೇ ಬರುವುದಿಲ್ಲ.

ಪಟ್ಟಿ ಮುಚ್ಚಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದಲ್ಲ. ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ತಪ್ಪು ಮಾಡಿದ ಮಕ್ಕಳ ಶಿಕ್ಷೆಯ ದಾಖಲೆಯನ್ನು ಸಾಮಾನ್ಯವಾಗಿ ನಾಶ ಮಾಡಬೇಕು ಎನ್ನುತ್ತದೆ. ಘೋರ ಅಪರಾಧಗಳಿಗೆ ವಿನಾಯಿತಿ ಇಟ್ಟಿದೆ. ಅಂದರೆ ಮಕ್ಕಳ ಮಟ್ಟಿಗೆ ಹೊರಬರುವ ದಾರಿ ಹೇಗಿರಬೇಕು ಎಂದು ನಮ್ಮ ಸಂಸತ್ತು ಯೋಚಿಸಿದೆ. ದೊಡ್ಡವರ ಪಟ್ಟಿಗೆ ಅಂಥ ಯೋಚನೆ ನಡೆದಿಲ್ಲ. ಆ ಪಟ್ಟಿ ಹುಟ್ಟಿದ್ದು ಸರ್ಕಾರದ ಆದೇಶದಿಂದ, ಪ್ರತ್ಯೇಕ ಕಾಯ್ದೆಯಿಂದ ಅಲ್ಲ. ಚುಡಾಯಿಸಿ ಕೆಲವು ತಿಂಗಳು ಜೈಲಿಗೆ ಹೋದವನೂ, ಮಕ್ಕಳನ್ನು ಹುಡುಕಿ ಹುಡುಕಿ ಹಿಂಸಿಸಿದವನೂ ಎಷ್ಟು ವರ್ಷ ಅದರಲ್ಲಿರಬೇಕು ಎಂದು ಸಂಸತ್ತು ಬರೆದಿಲ್ಲ. ಹೆಸರು ತೆಗೆಯುವ ಮೊದಲು ನೊಂದವರನ್ನು ಕೇಳಬೇಕೇ ಎಂದೂ ಬರೆದಿಲ್ಲ. ನನ್ನ ಪ್ರಕಾರ ಕೇಳಲೇಬೇಕು, ಅವರು ಬೇಡ ಎಂದರೆ ಬಲವಂತ ಮಾಡದೆ.

ನಮ್ಮ ಪಟ್ಟಿಯಲ್ಲಿರುವ ಒಬ್ಬ 2005ರಲ್ಲಿ ಜೈಲಿನಿಂದ ಬಂದಿದ್ದರೆ, ಬಿಡುಗಡೆಯಾಗಿ ಈಗ 20 ವರ್ಷ ದಾಟಿದೆ. ಕ್ಯಾಲಿಫೋರ್ನಿಯಾದಲ್ಲಿ ಎರಡನೇ ಹಂತದವನಾಗಿದ್ದರೆ, ಮುಂದೆ ಯಾವ ತಪ್ಪೂ ಮಾಡದೆ ಇದ್ದಿದ್ದರೆ, ಅವನು ಈ ಹೊತ್ತಿಗೆ ತನ್ನ ಕೌಂಟಿಯ ಕೋರ್ಟಿನಲ್ಲಿ ಫಾರಂ ತುಂಬಬಹುದಿತ್ತು. ನೊಂದವರ ಕಡೆಯಿಂದ, ಪೊಲೀಸರ ಕಡೆಯಿಂದ ಮಾತು ಕೇಳಿ ನ್ಯಾಯಾಧೀಶರು ಹೌದು ಅಥವಾ ಇಲ್ಲ ಎನ್ನುತ್ತಿದ್ದರು. ನಮ್ಮಲ್ಲಿ ಅಂಥವನಿಗೆ ಇರುವುದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಒಂದೇ. ಆ ಅರ್ಜಿ ಬಂದಾಗ ಯಾವ ಅಳತೆಯಿಂದ ನೋಡಬೇಕು ಎಂದು ಹೇಳುವ ಕಾಯ್ದೆ ನ್ಯಾಯಾಧೀಶರ ಮೇಜಿನ ಮೇಲೆ ಇರುವುದಿಲ್ಲ.